ಜೂನ್‌ನಲ್ಲೇ ಬನ್ನಿ, ಒಂದೇ ಊರಲ್ಲಿ ಉಳಿಯೋಣ

ಔಗ್ಸ್‌ಬರ್ಗ್, ಜರ್ಮನಿ

ಪ್ರೀತಿಯ ಅಪ್ಪ, ಅಮ್ಮ, ಅಕ್ಕ, ಭಾವ,

ಎಲ್ಲರಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ.

ಅಕ್ಕ ಕಳಿಸಿದ ಟೂರ್ ಪ್ಯಾಕೇಜ್ ಪಟ್ಟಿಯನ್ನು ಪೂರ್ತಿ ಓದಿದೆ. ಹತ್ತು ದಿನದಲ್ಲಿ ಏಳು ದೇಶ! ದಿನಾ ಬೆಳಗ್ಗೆ ಪೆಟ್ಟಿಗೆ ಕಟ್ಟಬೇಕು, ದಿನಾ ಬಸ್ ಹತ್ತಬೇಕು, ಊರು ನೋಡೋಕೆ ಸಿಗೋದು ಎರಡೋ ಮೂರೋ ಗಂಟೆ. ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ಓಡಾಟಕ್ಕೆ ಮತ್ತು ಹೋಟೆಲ್‌ಗಳಿಗೆ ಹೋಗುತ್ತದೆ. ಫೋನಿನಲ್ಲಿ ಹೇಳಿದರೆ ಅಪ್ಪ "ಆಯ್ತು, ನೋಡೋಣ ಬಿಡು" ಅಂತ ಮುಗಿಸಿಬಿಡುತ್ತಾರೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ನನ್ನ ಆಸೆ ಇಷ್ಟೇ. ಉಳಿಸುವುದನ್ನೆಲ್ಲ ಹೊರಡುವ ಮೊದಲೇ ಉಳಿಸಿಬಿಡೋಣ. ಯಾವ ತಿಂಗಳು ಬರುವುದು, ಎಲ್ಲಿ ಉಳಿಯುವುದು, ಯಾವ ಟಿಕೆಟ್‌ನಲ್ಲಿ ಓಡಾಡುವುದು, ಈ ಮೂರು ಸರಿಯಾದರೆ ಖರ್ಚು ತಾನಾಗಿ ಇಳಿಯುತ್ತದೆ. ಇಲ್ಲಿಗೆ ಬಂದ ಮೇಲೆ ಅಮ್ಮ ಪ್ರತಿ ಕಾಫಿಯ ಬೆಲೆಯನ್ನೂ ನೂರರಿಂದ ಗುಣಿಸಿ "ನನಗೆ ಬೇಡಪ್ಪ" ಅನ್ನುತ್ತಾ ಕೂರಬಾರದು. ಅಷ್ಟು ದೂರದಿಂದ ಬಂದು ಬಾಯಿ ಕಟ್ಟಿಕೊಂಡು ಓಡಾಡಿದರೆ ನನಗೆ ತುಂಬ ಬೇಜಾರಾಗುತ್ತದೆ.

ಮೊದಲು ತಿಂಗಳ ವಿಷಯ. ಏಪ್ರಿಲ್, ಮೇ ಬೇಡ. ನಮ್ಮ ಕಡೆ ಶಾಲೆಗೆ ರಜೆ, ಎಲ್ಲರೂ ಹೊರಡುತ್ತಾರೆ, ವಿಮಾನದ ದರ ಏರಿರುತ್ತದೆ. ಆಗಸ್ಟ್‌ನಲ್ಲಿ ಇಲ್ಲಿನ ಶಾಲೆಗಳಿಗೆ ರಜೆ. ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್‌ನಲ್ಲಿ ಆಕ್ಟೋಬರ್‌ಫೆಸ್ಟ್ ಅನ್ನುವ ದೊಡ್ಡ ಬಿಯರ್ ಜಾತ್ರೆ, ಆಗ ಸುತ್ತಮುತ್ತ ರೂಮಿನ ಬಾಡಿಗೆ ಕೇಳುವ ಹಾಗೇ ಇರುವುದಿಲ್ಲ. ಜೂನ್ ಮಾತ್ರ ನಮಗೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ಶಾಲೆ ಶುರುವಾಗಿರುತ್ತದೆ. ಇಲ್ಲಿ ಬೇಸಿಗೆಯ ದೊಡ್ಡ ರಜೆ ಇನ್ನೂ ಬಂದಿರುವುದಿಲ್ಲ. ಇನ್ನೊಂದು ಲಾಭವೂ ಇದೆ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಬೆಳಗ್ಗೆ ಆರಾಮಾಗಿ ತಿಂಡಿ ತಿಂದು ಹೊರಟರೂ ಒಂದು ಊರು ನೋಡಿಕೊಂಡು ಬೆಳಕಿನಲ್ಲೇ ಮನೆ ಸೇರಬಹುದು. ಬೇರೆ ಊರಲ್ಲಿ ರಾತ್ರಿ ಉಳಿಯುವ ಖರ್ಚೇ ಬರುವುದಿಲ್ಲ.

ಈಗ ಟಿಕೆಟ್. ಇದನ್ನು ಸ್ವಲ್ಪ ಗಮನ ಇಟ್ಟು ಓದಿ, ಯಾಕೆಂದರೆ ನಮ್ಮ ಉಳಿತಾಯದ ಮುಖ್ಯ ಭಾಗ ಇದೇ. ಇಲ್ಲಿ ಡಾಯ್ಚ್‌ಲ್ಯಾಂಡ್ ಟಿಕೆಟ್ ಅಂತ ಒಂದಿದೆ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದರ ಏರಿದರೂ ಇದರಷ್ಟು ಅಗ್ಗದ್ದು ನನಗೆ ಬೇರೆ ಕಂಡಿಲ್ಲ. ಆ ಒಂದು ಟಿಕೆಟ್‌ನಲ್ಲಿ ತಿಂಗಳು ಪೂರ್ತಿ ಇಡೀ ಜರ್ಮನಿಯ ಸಿಟಿ ಬಸ್, ಟ್ರಾಮ್, ಮೆಟ್ರೋ ಮತ್ತು ಪ್ರಾದೇಶಿಕ ರೈಲು ಹತ್ತಬಹುದು. ಐಸಿಇ, ಐಸಿ ಅನ್ನುವ ವೇಗದ ರೈಲುಗಳಿಗೆ ಮಾತ್ರ ಇದು ನಡೆಯುವುದಿಲ್ಲ. ಅಪ್ಪ, ಪ್ಲಾಟ್‌ಫಾರ್ಮಿನಲ್ಲಿ ಕೆಂಪು ಪಟ್ಟಿಯ ಬಿಳಿ ರೈಲು ಕಂಡರೆ ಖುಷಿಯಿಂದ ಹತ್ತಿಬಿಡಬೇಡಿ. ಹಲಗೆಯ ಮೇಲೆ ಪ್ರಾದೇಶಿಕ ರೈಲಿನ ಗುರುತಾದ ಆರ್‌ಇ, ಆರ್‌ಬಿ ಅಥವಾ ಎಸ್ ಅಂತ ಇದೆಯಾ ನೋಡಿ ಹತ್ತಿ.

ಈ ಟಿಕೆಟ್ ಹೆಸರಿನ ಮೇಲೆ ಇರುತ್ತದೆ, ಒಬ್ಬರದ್ದು ಇನ್ನೊಬ್ಬರು ಬಳಸುವಂತಿಲ್ಲ. ಚಂದಾ ಲೆಕ್ಕದಲ್ಲಿ ಕೊಡುತ್ತಾರೆ, ನಿಲ್ಲಿಸದಿದ್ದರೆ ಮುಂದಿನ ತಿಂಗಳಿಗೂ ದುಡ್ಡು ಕತ್ತರಿಸುತ್ತಾರೆ. ಹತ್ತನೇ ತಾರೀಖಿನೊಳಗೆ ಬೇಡ ಅಂತ ತಿಳಿಸಿದರೆ ತಿಂಗಳ ಕೊನೆಗೆ ನಿಲ್ಲುತ್ತದೆ. ಅದೆಲ್ಲ ನಾನು ನೋಡಿಕೊಳ್ಳುತ್ತೇನೆ. ನೀವು ಮಾಡಬೇಕಾದ್ದು ಒಂದೇ. ಲೆಕ್ಕ ಒಂದನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ. ಹದಿನೈದಕ್ಕೆ ಬಂದು ಮುಂದಿನ ಹದಿನೈದಕ್ಕೆ ಹೊರಟರೆ ಎರಡು ತಿಂಗಳ ದುಡ್ಡು ಕೊಡಬೇಕಾಗಬಹುದು. ಅದಕ್ಕೆ ಜೂನ್ ಮೊದಲ ವಾರ ಬಂದು ಕೊನೆಯ ವಾರ ಹೊರಡುವ ಹಾಗೆ ವಿಮಾನ ನೋಡಿ. ಮ್ಯೂನಿಕ್ ವಿಮಾನ ನಿಲ್ದಾಣದಿಂದ ಇಲ್ಲಿನ ನಮ್ಮೂರು ಔಗ್ಸ್‌ಬರ್ಗ್‌ಗೆ ಬರುವುದಕ್ಕೂ ಅದೇ ಟಿಕೆಟ್ ಸಾಕು.

ಅಕ್ಕ, ನೀನು ಭಾವ ಒಂದೇ ವಾರ ಇರುವುದಾದರೆ ಬೇರೆ ದಾರಿ ಇದೆ. ಬೈಯರ್ನ್ ಟಿಕೆಟ್ ಅಂತ, ನಾವಿರುವ ಬವೇರಿಯಾ ರಾಜ್ಯದ್ದು, ಒಂದು ದಿನದ್ದು, ಐದು ಜನರವರೆಗೆ ಸೇರಿ ತೆಗೆದುಕೊಳ್ಳಬಹುದು. ಜನ ಹೆಚ್ಚಾದ ಹಾಗೆ ತಲೆಗೆ ಬೀಳುವ ಖರ್ಚು ಕಡಿಮೆ. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ನಂತರವೇ ನಡೆಯುತ್ತದೆ, ಶನಿವಾರ ಭಾನುವಾರ ಆ ಕಟ್ಟಳೆ ಇಲ್ಲ. ಎಷ್ಟು ದಿನ ಹೊರಗೆ ಹೋಗುತ್ತೀರಿ ಅಂತ ಹೇಳಿ, ಯಾವುದು ಲಾಭ ಅಂತ ಲೆಕ್ಕ ಹಾಕುತ್ತೇನೆ.

ಎಲ್ಲಿಗೆಲ್ಲ ಹೋಗುವುದು? ನೋಯ್‌ಶ್ವಾನ್‌ಸ್ಟೈನ್ ಅರಮನೆಯನ್ನು ಅಮ್ಮ ಕ್ಯಾಲೆಂಡರ್‌ನಲ್ಲಿ ನೋಡಿರುತ್ತಾರೆ. ಬೆಟ್ಟದ ಮೇಲೆ ಬೆಳ್ಳಗೆ ನಿಂತಿರುತ್ತದಲ್ಲ, ಅದೇ. ಬವೇರಿಯಾದ ರಾಜ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಿಸಲು ಶುರು ಮಾಡಿದ್ದು. 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ನಮ್ಮೂರಿನಿಂದ ಅರಮನೆ ಹತ್ತಿರದ ಫ್ಯೂಸೆನ್ ಊರಿಗೆ ಸುಮಾರು ಎರಡು ಗಂಟೆ ರೈಲು, ಅಲ್ಲಿಂದ ಬಸ್, ಎರಡಕ್ಕೂ ಡಾಯ್ಚ್‌ಲ್ಯಾಂಡ್ ಟಿಕೆಟ್ ಸಾಕು. ಒಳಗೆ ಹೋಗಲು ಬೇರೆ ಟಿಕೆಟ್ ಬೇಕು. ಅರ್ಧ ಗಂಟೆ ಗುಂಪಿನಲ್ಲಿ ನಡೆಸಿ ಹೊರಗೆ ಕಳಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಒಳಗಿಗಿಂತ ಹೊರಗೇ ಚೆಂದ. ಪಕ್ಕದ ಕಣಿವೆಗೆ ಅಡ್ಡಲಾಗಿ ಕಟ್ಟಿರುವ ಮೇರಿ ಸೇತುವೆಯ ಮೇಲೆ ನಿಂತರೆ ಇಡೀ ಅರಮನೆ ಕಾಣುತ್ತದೆ, ಅದಕ್ಕೆ ದುಡ್ಡಿಲ್ಲ. ಆದರೆ ಅಪ್ಪನ ಮಂಡಿಗೆ ಆ ಏರು ಕಷ್ಟ. ಅರಮನೆ ಕಡೆಗೆ ಹತ್ತಲು ಕುದುರೆ ಗಾಡಿ ಇದೆ, ಅದಕ್ಕೆ ದುಡ್ಡು ಕೊಡೋಣ. ಇಂಥ ಕಡೆ ಉಳಿಸುವುದು ಬೇಡವೇ ಬೇಡ.

ಏಳು ದೇಶ ನೋಡಬೇಕು ಅನ್ನುವ ಭಾವನಿಗೆ ಒಂದು ಸಮಾಧಾನ ಹೇಳುತ್ತೇನೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ಡಾಯ್ಚ್‌ಲ್ಯಾಂಡ್ ಟಿಕೆಟ್ ನಡೆಯುತ್ತದೆ. ಬೆಳಗ್ಗೆ ಹೋಗಿ ಸಂಜೆ ಬರಬಹುದು. ಪಾಸ್‌ಪೋರ್ಟ್ ಜೊತೆಗಿರಲಿ, ಗಡಿಯಲ್ಲಿ ಕೇಳಬಹುದು. ಮ್ಯೂನಿಕ್‌ಗೆ ಭಾನುವಾರ ಹೋಗೋಣ. ಹಳೆಯ ಚಿತ್ರಗಳಿರುವ ಆಲ್ಟೆ ಪಿನಾಕೊಟೆಕ್ ಮ್ಯೂಸಿಯಂಗೆ ಭಾನುವಾರ ಒಂದೇ ಯೂರೊ. ಬರ್ಲಿನ್ ದೂರ, ಅದಕ್ಕೆ ಮಾತ್ರ ವೇಗದ ರೈಲು ಬೇಕು. ತಿಂಗಳುಗಳ ಮೊದಲೇ ತೆಗೆದರೆ ಅದೂ ಅಗ್ಗ, ಆದರೆ ಆ ರೈಲು ಬಿಟ್ಟು ಇನ್ನೊಂದು ಹತ್ತುವಂತಿಲ್ಲ. ಬರ್ಲಿನ್‌ನಲ್ಲಿ ಸಂಸತ್ ಭವನದ ಗಾಜಿನ ಗುಮ್ಮಟ ಹತ್ತಲು ದುಡ್ಡಿಲ್ಲ, ಮೊದಲೇ ಹೆಸರು ಬರೆಸಿದರೆ ಸಾಕು.

ನಮ್ಮೂರಲ್ಲೇ ಫುಗೆರೈ ಅಂತ ಒಂದು ಕೇರಿ ಇದೆ, ಅಪ್ಪನಿಗೆ ತೋರಿಸಲೇಬೇಕು. ಯಾಕೋಬ್ ಫುಗರ್ ಅನ್ನುವ ಸಾಹುಕಾರ 1521ರಲ್ಲಿ ಊರಿನ ಬಡವರಿಗಾಗಿ ಕಟ್ಟಿಸಿದ ಮನೆಗಳು. ಇಂದಿಗೂ ಜನ ವಾಸ ಮಾಡುತ್ತಾರೆ. ಬಾಡಿಗೆ ಎಷ್ಟು ಗೊತ್ತಾ? ವರ್ಷಕ್ಕೆ 88 ಸೆಂಟ್. ಜೊತೆಗೆ ದಿನಕ್ಕೆ ಮೂರು ಸಲ ಪ್ರಾರ್ಥನೆ ಮಾಡಬೇಕು. ಐನೂರು ವರ್ಷದಲ್ಲಿ ಬಾಡಿಗೆ ಏರಿಸಿಲ್ಲ! ನೋಡಲು ಹೋಗುವವರಿಗೆ ಟಿಕೆಟ್ ಇದೆ, ಆ ದುಡ್ಡನ್ನು ಖುಷಿಯಿಂದ ಕೊಡಬಹುದು.

ವೀಸಾ ಈಗಲೇ ಶುರು ಮಾಡಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೊ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ನಾನು ಇಲ್ಲಿನ ಕಚೇರಿಯಲ್ಲಿ 29 ಯೂರೊ ಕಟ್ಟಿ ನಿಮ್ಮ ಖರ್ಚಿಗೆ ನಾನೇ ಹೊಣೆ ಅಂತ ಪತ್ರ ಮಾಡಿಸುತ್ತೇನೆ, ಮೂಲ ಪ್ರತಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ. ಉಳಿಯುವುದು ನನ್ನ ಮನೆಯಲ್ಲಿ, ಹಾಗಾಗಿ ಹೋಟೆಲ್ ಬುಕಿಂಗ್ ತೋರಿಸುವ ತಲೆನೋವಿಲ್ಲ. ವೀಸಾ ಕೈಗೆ ಬರುವ ಮೊದಲು ವಾಪಸ್ ಆಗದ ವಿಮಾನ ಟಿಕೆಟ್ ತೆಗೆಯಬೇಡಿ. ಅರ್ಜಿ ಕೊಡುವ ಕಡೆ ಲೌಂಜ್, ಕೊರಿಯರ್ ಅಂತ ಒಂದೊಂದೇ ಸೇರಿಸುತ್ತಾರೆ. ಬೇಕಿಲ್ಲದ್ದನ್ನು ಬೇಡ ಅನ್ನಿ, ಅವು ಕಡ್ಡಾಯ ಅಲ್ಲ. ಇನ್ಶೂರೆನ್ಸ್ ಮಾತ್ರ ಕಡ್ಡಾಯ, ಕನಿಷ್ಠ 30,000 ಯೂರೊದ್ದು. ಅದರಲ್ಲಿ ತೀರಾ ಅಗ್ಗದ್ದು ಹುಡುಕಬೇಡಿ. ಅಪ್ಪನಿಗೆ ಬಿಪಿ ಇದೆ. ಮೊದಲೇ ಇರುವ ಕಾಯಿಲೆಗೂ ಅನ್ವಯ ಆಗುತ್ತಾ ಅಂತ ಕೇಳಿ, ಓದಿ, ಆಮೇಲೆ ಸಹಿ ಹಾಕಿ.

ಕಾರ್ಡಿನ ಒಂದು ಮಾತು. ಅಂಗಡಿ ಮಷೀನಿನಲ್ಲೋ ಎಟಿಎಂನಲ್ಲೋ "ರೂಪಾಯಿಯಲ್ಲಿ ಕೊಡುತ್ತೀರಾ, ಯೂರೊದಲ್ಲಾ" ಅಂತ ಬಂದರೆ ಯಾವಾಗಲೂ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಆ ಮಷೀನಿನವರು ತಮ್ಮ ದರ ಹಾಕುತ್ತಾರೆ, ಅದರಲ್ಲಿ ಅವರ ಲಾಭವೂ ಸೇರಿರುತ್ತದೆ. ರೂಪಾಯಿ ನೋಡಿದರೆ ಮನಸ್ಸಿಗೆ ಹತ್ತಿರ ಅನಿಸುತ್ತೆ, ಆದ್ರೆ ಜೇಬಿಗೆ ನಷ್ಟ.

ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ತುಂಬಿಸಿಕೊಂಡೇ ಹೊರಡೋಣ. ಕೊಂಡ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಒಂದೊಂದಕ್ಕೆ 25 ಸೆಂಟ್ ಠೇವಣಿ ಇದೆ, ಅಂಗಡಿಯ ಮಷೀನಿಗೆ ಹಾಕಿದರೆ ವಾಪಸ್ ಬರುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟಿರುತ್ತೇನೆ.

ಅಮ್ಮ, ಲಗೇಜಿನ ತೂಕ ಜಾಸ್ತಿಯಾಗಿ ಅಲ್ಲಿ ದುಡ್ಡು ಕಟ್ಟಬೇಡಿ. ತುಪ್ಪ, ಪೇಡ ಯಾವುದೂ ಬೇಡ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ತರುವಂತಿಲ್ಲ. ಕರಿಬೇವಿನ ಸೊಪ್ಪೂ ಬೇಡ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ ಇಷ್ಟು ಸಾಕು. ಅಪ್ಪನ ಮಾತ್ರೆಗಳನ್ನು ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲಿ ಇಡಿ.

ಅಕ್ಕ, ಭಾವನಿಗೆ ರಜೆ ಯಾವಾಗ ಸಿಗುತ್ತದೆ ಅಂತ ಈ ವಾರವೇ ತಿಳಿಸು. ನಾಲ್ಕೂ ಜನರ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಕಳಿಸು, ಅಪ್ಪನದ್ದು ಯಾವಾಗ ಮುಗಿಯುತ್ತದೆ ಅಂತಲೂ ನೋಡು. ಅದು ಬಂದ ತಕ್ಷಣ ಹೊಣೆ ಪತ್ರಕ್ಕೆ ದಿನ ಗೊತ್ತು ಮಾಡುತ್ತೇನೆ.

ನಿಮ್ಮ ದಾರಿ ಕಾಯುತ್ತಿರುವ
ಮಗಳು