ಆಯಿಯ ಎಣ್ಣೆ ಬಸ್ಸಿಗೆ ಹಾಕಿದ್ದೇನೆ

ಗೆಳೆಯಾ,

ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ನಿನ್ನೆ ರಾತ್ರಿ ಶಿರಸಿಯಿಂದ ಬೆಂಗಳೂರು ಬಸ್ಸಿಗೆ ಹಾಕಿದ್ದೇನೆ. ಈ ಸಲ ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ, ಮೇಲೆ ಹಳೆ ಪೇಪರ್ ಸುತ್ತಿದ್ದು ಆಯಿಯೇ. ಹೋದ ಸಲ ನಾನು ಕಟ್ಟಿದ್ದು ದಾರಿಯಲ್ಲೇ ಸೋರಿ, ಯಾರದೋ ಹಲಸಿನ ಹಪ್ಪಳದ ಕಟ್ಟೆಲ್ಲ ಎಣ್ಣೆಯಾಗಿತ್ತು. ಆಮೇಲೆ ಕಂಡಕ್ಟರ್ ನನಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ.

"ಬಾಚಣಿಗೆ ತುಂಬ ಕೂದಲು ಬರ್ತಿದೆ ಮಾರಾಯ, ತಲೆ ಬಯಲಾಗ್ತದೆ" ಅಂತ ಫೋನಿನಲ್ಲಿ ಗೋಳಾಡಿದೆಯಲ್ಲ. ಅದಕ್ಕೆ ಮೊದಲು ಒಂದು ಲೆಕ್ಕ ಹಾಕು. ನಿನಗೆ ಡೆಂಗಿ ಬಂದು ಮೂರು ತಿಂಗಳಾಯಿತು, ಅಲ್ವಾ? ನನಗೆ ಟೈಫಾಯ್ಡ್ ಬಂದಾಗಲೂ ಹೀಗೇ ಆಗಿತ್ತು. ಜ್ವರ ಇರುವಾಗ ಒಂದೆಳೆಯೂ ಉದುರಲಿಲ್ಲ. ಎಲ್ಲ ಮುಗಿದು ಬಾಯಿಗೆ ಊಟ ರುಚಿಸತೊಡಗಿದ ಮೇಲೆ ಶುರುವಾಯಿತು ನೋಡು. ದಿಂಬಿನ ಮೇಲೆ ಕೂದಲು, ಬಚ್ಚಲಿನ ಜಾಲರಿಯಲ್ಲಿ ಕೂದಲು, ಮಜ್ಜಿಗೆ ಅನ್ನದಲ್ಲೂ ಕೂದಲು. ಆಯಿ ವಾರಕ್ಕೆರಡು ಸಲ ಹಿಡಿದು ಕೂರಿಸಿ ಎಣ್ಣೆ ತಿಕ್ಕಿದಳು. ಐದಾರು ತಿಂಗಳಲ್ಲಿ ಹೋದದ್ದೆಲ್ಲ ವಾಪಸ್ ಬಂತು. ಕೇರಿಯಲ್ಲೆಲ್ಲ ಆಯಿಯ ಎಣ್ಣೆಗೆ ಹೆಸರೂ ಬಂತು.

ಆಮೇಲೆ ಒಬ್ಬ ಚರ್ಮದ ಡಾಕ್ಟರು ನಿಜ ಹೇಳಿದರು. ಜೋರು ಜ್ವರ ಬಂದರೆ ಬೆಳೆಯುತ್ತಿದ್ದ ಕೂದಲೆಷ್ಟೋ ಒಟ್ಟಿಗೇ ಬೆಳವಣಿಗೆ ನಿಲ್ಲಿಸುತ್ತವಂತೆ. ಎರಡು ಮೂರು ತಿಂಗಳು ಸುಮ್ನೆ ಇದ್ದು ಆಮೇಲೆ ಉದುರುತ್ತವೆ. ಬೇರಿಗೆ ಏನೂ ಆಗಿರುವುದಿಲ್ಲ, ಹಾಗಾಗಿ ತಾವಾಗಿಯೇ ಮತ್ತೆ ಬರುತ್ತವೆ. ಎಣ್ಣೆ ಹಚ್ಚಿದರೂ ಬರುತ್ತವೆ, ಹಚ್ಚದಿದ್ದರೂ ಬರುತ್ತವೆ. ಇದನ್ನು ಆಯಿಗೆ ಹೇಳಿಲ್ಲ, ನೀನೂ ಹೇಳಬೇಡ. ಈ ಪತ್ರ ಅವಳ ಕಣ್ಣಿಗೆ ಬೀಳುವ ಭಯವಿಲ್ಲ. ಮೊಬೈಲಿನಲ್ಲಿ ಯಕ್ಷಗಾನ ಬಿಟ್ಟು ಅವಳು ಬೇರೇನೂ ನೋಡುವುದಿಲ್ಲ.

ಇನ್ನು ನೆತ್ತಿಯ ಮೇಲೆ ನಿನ್ನ ಅಪ್ಪನದೇ ನಕಾಶೆ ಮೂಡುತ್ತಿದ್ದರೆ ಅದು ಬೇರೆ ಕಥೆ. ಅದಕ್ಕೆ ಯಾವ ಎಣ್ಣೆಯೂ ಇಲ್ಲ. ದುಡ್ಡು ಹಾಳು ಮಾಡಬೇಡ, ಡಾಕ್ಟರಿಗೆ ತೋರಿಸು.

ಹಾಗಾದರೆ ಎಣ್ಣೆ ಯಾಕೆ ಕಳಿಸಿದೆ ಅಂತ ಕೇಳುತ್ತೀಯ. ಇರುವ ಕೂದಲು ಸವೆಯದಿರಲಿ ಅಂತ. 2003ರಲ್ಲಿ ಮುಂಬೈಯ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ನೋಡಿದ್ದರು. ತೊಳೆಯುವಾಗ, ಬಾಚುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಎಳೆಯ ಒಳಕ್ಕೂ ಇಳಿಯುತ್ತದೆ, ಉಳಿದವು ಮೇಲ್ಮೇಲೇ ಇರುತ್ತವೆ. (ಆ ಸಂಶೋಧಕರು ಇದ್ದದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯಲ್ಲೇ. ಅದೂ ನಿನಗೆ ಗೊತ್ತಿರಲಿ.)

ಈ ಕೊಬ್ಬರಿ ಎಣ್ಣೆ ಕಾಯಿಸಿದ್ದು ಮೊನ್ನೆ ಭಾನುವಾರ. ಗದ್ದೆಯ ಅಂಚಿನಿಂದ ಗರುಗದ ಸೊಪ್ಪು ನಾನೇ ಕಿತ್ತು ತಂದೆ. ಪುಟಾಣಿ ಬಿಳಿ ಹೂವಿನದು, ಪೇಟೆಯಲ್ಲಿ ಭೃಂಗರಾಜ ಅಂತ ಮಾರುತ್ತಾರಲ್ಲ, ಅದೇ. ಕಿವುಚಿದರೆ ಹಸಿರು ರಸ ಬರುತ್ತದೆ, ಸ್ವಲ್ಪ ಹೊತ್ತಿಗೆ ಕೈಯೆಲ್ಲ ಕಪ್ಪು. ಜೊತೆಗೆ ಒಂದೆಲಗ, ಕರಿಬೇವು, ನೆಲ್ಲಿಕಾಯಿ, ನೆನೆಸಿದ ಮೆಂತ್ಯ. ಆಯುರ್ವೇದದ ಲೆಕ್ಕದಲ್ಲಿ ಅರೆದ ಮುದ್ದೆ ಒಂದು ಪಾಲಾದರೆ ಎಣ್ಣೆ ನಾಲ್ಕು, ರಸ ಹದಿನಾರು ಪಾಲು. ಆಯಿಯ ಲೆಕ್ಕದಲ್ಲಿ ಎಲ್ಲವೂ "ಸಾಕಷ್ಟು".

ಹದ ನೋಡುವುದನ್ನು ಮಾತ್ರ ಅವಳು ಯಾರಿಗೂ ಬಿಡುವುದಿಲ್ಲ. ಬಾಣಲೆಯ ಗುಳುಗುಳು ಸದ್ದು ಕಡಿಮೆಯಾದ ಮೇಲೆ ಸೌಟಿನಲ್ಲಿ ತಳದ ಗಷ್ಟು ಸ್ವಲ್ಪ ತೆಗೆಯುತ್ತಾಳೆ. ಆರಿಸಿ, ಬೆರಳಲ್ಲಿ ಬತ್ತಿಯ ಹಾಗೆ ಹೊಸೆದು, ಒಲೆಯ ಉರಿಗೆ ಹಿಡಿಯುತ್ತಾಳೆ. ಚಟಚಟ ಅಂದರೆ ಇನ್ನೂ ನೀರಿದೆ, ಹಾಗೇ ಇಳಿಸಿದರೆ ಎಣ್ಣೆ ಕೆಡುತ್ತದೆ. ಸದ್ದಿಲ್ಲದೆ ಉರಿದರೆ ಆಯಿತು, ತಕ್ಷಣ ಇಳಿಸಬೇಕು. ಒಮ್ಮೆ ಅವಳು ಮದುವೆಗೆ ಹೋದಾಗ ನಾನೇ ಕಾಯಿಸಿದ್ದೆ. ಗ್ಯಾಸ್ ಜೋರು ಮಾಡಿ ಫೋನು ಹಿಡಿದು ಕೂತೆ. ಗಷ್ಟು ಸೀದು ಇದ್ದಿಲಾಯಿತು. ಆಯಿ ಬಂದು ಮೂಸಿ ನೋಡಿದಳು, ಬೈಯಲಿಲ್ಲ. ಒಂದು ವರ್ಷ ಕೊಟ್ಟಿಗೆ ಬಾಗಿಲಿನ ಬಿಜಾಗರಿಗೆ ಅದೇ ಎಣ್ಣೆ.

ಎಣ್ಣೆ ಬಗ್ಗೆ ಎಲ್ಲರೂ ಕೇಳುತ್ತಾರೆ, ತೊಳೆಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ನಾವು ಕಳೆದುಕೊಂಡಿದ್ದು ಅದನ್ನೇ. ಸೀಗೆಕಾಯಿ ಅಷ್ಟೇನೂ ನೊರೆ ಬರಿಸುವುದಿಲ್ಲ, ಆದರೆ ಜಿಡ್ಡು ತೆಗೆಯುತ್ತದೆ. ನಿನ್ನ ಶಾಂಪೂವಿನ ಹಾಗೆ ತಲೆಯನ್ನು ತೆಂಗಿನ ನಾರು ಮಾಡುವುದಿಲ್ಲ. ಅಂದಹಾಗೆ ಶಾಂಪೂ ಅನ್ನೋ ಪದವೂ ಇಲ್ಲಿಂದಲೇ ಹೋಗಿದ್ದು. ಹಿಂದಿಯ ಚಾಂಪೋ, ಅಂದರೆ ಒತ್ತು, ಅಮುಕು. ಪಟ್ನಾದ ಶೇಖ್ ದೀನ್ ಮಹಮ್ಮದ್ ಅನ್ನುವವರು 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ನಾನದ ಮನೆ ತೆರೆದು ಅಲ್ಲಿಯವರ ಮೈಕೈ ತಿಕ್ಕುತ್ತಿದ್ದರು. ತಿಕ್ಕುವುದು ಹೋಯಿತು, ಬಾಟಲಿ ಉಳಿಯಿತು.

ಸೀಗೆಪುಡಿ ಕಳಿಸೋಣವೆಂದರೆ ಮುಗಿದಿದೆ. ಗಿರಣಿಯವನು ಸೀಗೆಕಾಯಿ ಅಂದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಾನೆ. ಬೀಸಿದರೆ ಸಂಜೆಯವರೆಗೆ ಬಂದವರೆಲ್ಲ ಸೀನುತ್ತಾರೆ, ಮುಂದಿನ ಹಿಟ್ಟೆಲ್ಲ ಕಹಿ. ಸದ್ಯಕ್ಕೆ ನಿಮ್ಮ ಮನೆ ಎದುರಿನ ದಾಸವಾಳ ಇದೆಯಲ್ಲ, ಅದರ ಎಲೆ ಎರಡು ಹಿಡಿ ನೀರಲ್ಲಿ ಹಾಕಿ ಕಿವುಚು. ಲೋಳೆಲೋಳೆಯಾಗಿ ಗಂಪು ಬರುತ್ತದೆ. ಸೋಸಿ ತಲೆಗೆ ಹಾಕು. ಬಾಚಣಿಗೆ ಜಾರಿಕೊಂಡು ಹೋಗುತ್ತದೆ.

ಎಣ್ಣೆ ರಾತ್ರಿಯೆಲ್ಲ ಬಿಡಬೇಡ, ನಿನಗೆ ಹೊಟ್ಟು ಜಾಸ್ತಿ. ಎಣ್ಣೆ ನಿಂತರೆ ಹೊಟ್ಟು ಇನ್ನೂ ಹೆಚ್ಚುತ್ತದೆ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿದರೆ ಸಾಕು. ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸು, ಒಲೆ ಮೇಲೆ ಇಡಬೇಡ.

ಬಾಟಲಿ ಮಾತ್ರ ವಾಪಸ್ ಕಳಿಸು. ಅದು ಜೇನಿನ ಬಾಟಲಿ, ಆಯಿ ಎಣಿಸಿ ಇಟ್ಟಿದ್ದಾಳೆ. ಕೂದಲು ಬಂದ ಮೇಲೆ ಅವಳಿಗೊಂದು ಫೋನು ಮಾಡು. ಎಣ್ಣೆಯಿಂದಲೇ ಬಂತು ಅನ್ನು.

ನಿನ್ನ ಗೆಳೆಯ