ಖಾಕಿಯೂ ಕಟಪಾಡಿಯ ಅಜ್ಜಿಯೂ

ಬಾಸೆಲ್
ನವೆಂಬರ್ 16, ಆದಿತ್ಯವಾರ

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ಹೇಳಲು ಹೊರಟರೆ ನೀವು ಅರ್ಧ ಕೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದಿ ಮುಗಿಯುವವರೆಗೆ ಸಿಟ್ಟು ಮಾಡಿಕೊಳ್ಳಬೇಡಿ.

ಖಾಕಿ ಬಣ್ಣ ಕಂಡುಹಿಡಿದದ್ದು ನಿಮ್ಮ ಅಜ್ಜ ಅಲ್ಲ.

ಸ್ವಿಟ್ಜರ್‌ಲ್ಯಾಂಡಿನ ಈ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಉಂಟಲ್ಲ, ಅದರ ಬಲ್ಮಠದ ನೇಯ್ಗೆ ಕಾರ್ಖಾನೆಗೆ ಹಾಲರ್ ದೊರೆ ಬಂದದ್ದು 1851ರಲ್ಲಿ. ಮಂಗಳೂರಿನಲ್ಲಿ ಖಾಕಿ ಹುಟ್ಟಿತು ಅನ್ನುವ ಕಥೆ ಆ ಕಾಲದ್ದು. ಕಳೆದ ಕ್ರಿಸ್ಮಸ್‌ಗೆ ನಾನು ಬಂದಾಗ ನಾವಿಬ್ಬರೂ ಸೇರಿ ನಿಮ್ಮ ಅಜ್ಜನ ಸಮಾಧಿಯ ಪಾಚಿ ಉಜ್ಜಿದೆವಲ್ಲ, ಕಲ್ಲಿನ ಮೇಲೆ ಏನಿತ್ತು? 1881. ನಾನು ಫೋಟೋ ತೆಗೆದಿದ್ದೇನೆ. ಹುಟ್ಟುವ 30 ವರ್ಷ ಮೊದಲೇ ಬಣ್ಣದ ಹಂಡೆ ಕಲಕಿದ್ದರೆ ಮಾತ್ರ ನಿಮ್ಮ ಕಥೆ ನಿಜ. ಹಾಗೆ ನೋಡಿದರೆ ಹಾಲರ್‌ಗಿಂತ ಮೊದಲೇ ಪೇಶಾವರದ ಕಡೆ ಲಮ್ಸ್‌ಡನ್ ಎಂಬ ಅಧಿಕಾರಿ ತನ್ನ ಗೈಡ್ಸ್ ಪಡೆಗೆ ಮಣ್ಣಿನ ಬಣ್ಣದ ಬಟ್ಟೆ ಹಾಕಿಸಿದ್ದ. ಆ ಜಗಳ ಬೇರೆಯವರು ಆಡಲಿ. ನಾವಂತೂ ಅದರಲ್ಲಿ ಇಲ್ಲ. ರೋಟರಿಯಲ್ಲಿ ಇನ್ನು ಮುಂದೆ ಹೇಳಬೇಡಿ, ಆಯ್ತಾ?

ಈಗ ಉಳಿದದ್ದು ಹೇಳುತ್ತೇನೆ.

ಇಲ್ಲಿ ಸ್ಪಾಲೆನ್‌ಟೋರ್ ಅಂತ ಹಳೇ ಊರಬಾಗಿಲು ಉಂಟು. ಅದನ್ನು ದಾಟಿ ಸ್ವಲ್ಪ ನಡೆದರೆ ಮಿಷನ್‌ಸ್ಟ್ರಾಸೆ. 1860ರಲ್ಲಿ ಕಟ್ಟಿದ ಮಿಷನ್ ಮನೆ ಅಲ್ಲಿದೆ, ಹಳೇ ದಾಖಲೆಗಳೂ ಅಲ್ಲೇ. ನಾನು ಮೂರು ವರ್ಷದಿಂದ ಅದರ ಮುಂದೆಯೇ ಓಡಾಡುತ್ತಿದ್ದೆ, ಒಂದು ದಿನವೂ ಒಳಗೆ ಹೋಗಿರಲಿಲ್ಲ. ನಮ್ಮ ಊರಿನಲ್ಲಿ ಶಾಂತಿ ಕೆಥೆಡ್ರಲ್‌ನಿಂದ ಹಿಡಿದು ಹಂಚಿನವರೆಗೆ ಎಲ್ಲದಕ್ಕೂ ಬಾಸೆಲ್ ಹೆಸರು ಅಂಟಿದೆ. ಇಲ್ಲಿನವರನ್ನು ಕೇಳಿದರೆ ಮಂಗಳೂರು ಎಲ್ಲಿದೆ ಅಂತ ಹತ್ತರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಸೆಪ್ಟೆಂಬರ್‌ನಲ್ಲಿ ರಜೆ ಹಾಕಿ ಹೋದೆ. ಬ್ಯಾಗ್ ಹೊರಗಿಡಬೇಕು, ಪೆನ್ ಒಳಗೆ ತರುವಂತಿಲ್ಲ, ಪೆನ್ಸಿಲ್ ಮಾತ್ರ. ಒಂದು ಮೇಜು, ಒಂದು ದೀಪ, ಮುಂದೆ ಒಂದು ಪೆಟ್ಟಿಗೆ. ಇಲ್ಲಿಂದ ಹೋದ ದೊರೆಗಳು, ಅಂದರೆ ಮಿಷನರಿಗಳು, ಆಗಾಗ ವರದಿ ಬರೆದು ಕಳಿಸಲೇಬೇಕಿತ್ತು. ಎಷ್ಟು ಜನಕ್ಕೆ ದೀಕ್ಷಾಸ್ನಾನ ಆಯಿತು, ಯಾರಿಗೆ ಜ್ವರ, ಮಳೆಗೆ ಯಾವ ಗೋಡೆ ಬಿತ್ತು, ಎಲ್ಲವೂ. ಉಡುಪಿಯನ್ನು ಉಡಪಿ ಅಂತ ಬರೆದಿದ್ದಾರೆ. ಹುಬ್ಬಳ್ಳಿ, ಧಾರವಾಡ, ಬೆಟಗೇರಿ, ಗುಳೇದಗುಡ್ಡ ಎಲ್ಲ 'ದಕ್ಷಿಣ ಮರಾಠಾ' ಎಂಬ ತಲೆಬರಹದ ಕೆಳಗೆ ಬರುತ್ತವೆ. ಹುಬ್ಬಳ್ಳಿಯ ಚಿಕ್ಕಪ್ಪನಿಗೆ ಇದನ್ನು ಹೇಳಿ, ಸ್ವಲ್ಪ ಉರಿಯಲಿ.

ಮೊದಲ ಹಾಳೆ ಕೈಗೆತ್ತಿಕೊಂಡಾಗ ಅಳು ಬಂತು. ಭಾವುಕಳಾಗಿ ಅಲ್ಲ, ಒಂದಕ್ಷರವೂ ಓದಲು ಬರಲಿಲ್ಲ ಅಂತ. ನನಗೆ ಜರ್ಮನ್ ಬರುತ್ತದೆ, ಆಫೀಸಿನಲ್ಲಿ ದಿನವಿಡೀ ಅದೇ. ಆದರೆ ಆ ಕಾಲದ ಕೈಬರಹವೇ ಬೇರೆ. ಕುರೆಂಟ್ ಅನ್ನುತ್ತಾರೆ. 'ಇ' ಅಕ್ಷರ 'ಎನ್' ತರಹ ಕಾಣುತ್ತದೆ. 'ಯು'ಗೂ 'ಎನ್'ಗೂ ಗಲಿಬಿಲಿ ಆಗದಿರಲಿ ಅಂತ 'ಯು' ತಲೆಯ ಮೇಲೆ ಒಂದು ಸಣ್ಣ ಕೊಕ್ಕೆ ಹಾಕುತ್ತಾರೆ. ಬರೆಯುವವರಿಗೆ ಅವಸರ ಇದ್ದರೆ ಆ ಕೊಕ್ಕೆ ಮುಂದಿನ ಅಕ್ಷರದ ಮೇಲೆ ಹೋಗಿ ಕೂರುತ್ತದೆ. ನಮ್ಮ ಶಾನುಭೋಗರ ಕೈಬರಹವೇ ವಾಸಿ.

ಆಗ ನೆನಪಾದದ್ದು ಕೆಳಗಿನ ಮನೆಯ ಅಜ್ಜಿ. 86 ವರ್ಷ. ತನ್ನ ಅಜ್ಜಿಯ ಕಾಗದಗಳನ್ನು ಓದುವ ಆಸೆಗೆ ಈ ಅಕ್ಷರ ಕಲಿತವರು. ನಾನು ಹಾಳೆಗಳ ಫೋಟೋ ತೆಗೆದುಕೊಂಡು ಹೋದೆ, ಜೊತೆಗೆ ಅಮ್ಮ ಕಳಿಸಿದ ಚಕ್ಕುಲಿ ಡಬ್ಬಿ. ಈಗ ಪ್ರತಿ ಆದಿತ್ಯವಾರ ಮಧ್ಯಾಹ್ನ ಅವರ ಮನೆಯಲ್ಲಿ ನಮ್ಮ ಪಾಠ. ಭೂತಗನ್ನಡಿ ಹಿಡಿದು ಸಾಲಿನ ಮೇಲೆ ಬೆರಳಿಟ್ಟು ಓದುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಡಬ್ಬಿ ಖಾಲಿಯಾಗಿದೆ. ಅಮ್ಮನಿಗೆ ಹೇಳಿ.

ಮಿಷನ್‌ಗೆ ಇಲ್ಲಿ ಮನೆ ಮನೆಯಿಂದ ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ 5 ರಾಪೆನ್ ಚಿಲ್ಲರೆ ಕಾಸು, ಒಟ್ಟು ಮಾಡುತ್ತಿದ್ದರಂತೆ. 1850ರ ದಶಕದಲ್ಲಿ ಶುರುವಾದ ಪದ್ಧತಿ. ಈ ಅಜ್ಜಿಯ ಮನೆಯವರೂ ಕೊಡುತ್ತಿದ್ದರು. "ಹಾಗಾದರೆ ನಮ್ಮವರ ದುಡ್ಡಿನ ಲೆಕ್ಕ ನೋಡಲು ನೀನು ಬಂದಂತಾಯಿತು" ಅಂತ ನಗುತ್ತಾರೆ.

ವಿಷಯಕ್ಕೆ ಬರುತ್ತೇನೆ. ಈ ಕಾಗದಗಳಲ್ಲಿ ನಮ್ಮವರಿಗೆ ಹೆಸರೇ ಇಲ್ಲ, ಅಪ್ಪ. ದೊರೆಗಳಿಗೆ, ದೊರೆಸಾನಿಗಳಿಗೆ, ಅವರ ಮಕ್ಕಳಿಗೆ, ಕುದುರೆಗೂ ಹೆಸರುಂಟು. ನಮ್ಮವರು 'ಒಬ್ಬ ನೇಕಾರ', 'ಒಬ್ಬ ವಿಧವೆ', 'ಉಡಪಿ ಕಡೆಯ ಒಬ್ಬ ಯುವಕ'. ಎಲ್ಲಾದರೂ ಹೆಸರು ಸಿಕ್ಕಿದರೆ ಅದು ದೀಕ್ಷಾಸ್ನಾನದ ನಂತರದ್ದು. ಯಾಕೋಬ, ಅಬ್ರಹಾಂ, ದಾನಿಯೇಲ. ನಾಲ್ಕು ಹಾಳೆಯಲ್ಲಿ ಆರು ಯಾಕೋಬರು. ನಿಮ್ಮ ಮುತ್ತಜ್ಜನೂ ಯಾಕೋಬನೇ ಅಲ್ವಾ? ಯಾವ ಯಾಕೋಬ ಅಂತ ಹಿಡಿಯುವುದು?

ನಮಗೆ ಮನೆಯಲ್ಲಿ ಗೊತ್ತಿರುವುದು ಇಷ್ಟೇ. ಮುತ್ತಜ್ಜ ಬಿಲ್ಲವರ ಮನೆಯವರು, ಮೂರ್ತೆ ಕೆಲಸ ಮಾಡುತ್ತಿದ್ದರು, ಉಡುಪಿಯಲ್ಲಿ ಮಿಷನ್ ಸೇರಿದರು, ಆಮೇಲೆ ಮಂಗಳೂರಿಗೆ ಬಂದರು. 1870ರ ಆಸುಪಾಸಿನಲ್ಲಿ ಉಡುಪಿ ಕಡೆ ಬಿಲ್ಲವರಲ್ಲಿ ತುಂಬ ಜನ ಸೇರಿದ್ದು ನಿಜ, ಹಾಗಾಗಿ ಕಾಲ ಹೊಂದುತ್ತದೆ. ಸೇರಿದ ಮೇಲೆ ಕಳ್ಳು ಇಳಿಸುವ ಕೆಲಸ ಬಿಡಬೇಕು, ಮಿಷನ್‌ನವರು ಒಪ್ಪುತ್ತಿರಲಿಲ್ಲ. ಮನೆಯವರೂ ಹೊರಗೆ ಹಾಕಿದರು. ಅಳಿಯಸಂತಾನದಲ್ಲಿ ಆಸ್ತಿ ಇರುವುದು ತಾಯಿಯ ಕುಟುಂಬದ್ದು. ಅಲ್ಲಿಂದ ಹೊರಬಿದ್ದವನಿಗೆ ಹೋಗಲು ಇನ್ನೊಂದು ಮನೆ ಇಲ್ಲ. ನೇಯ್ಗೆ, ಹಂಚು, ಅಚ್ಚುಕೂಟ ಅಂತ ಮಿಷನ್ ಕಾರ್ಖಾನೆ ತೆರೆದದ್ದು ಇಂಥವರ ಹೊಟ್ಟೆಪಾಡಿಗೇ. ಅಲ್ಲಿ ಲಾಭವೂ ಚೆನ್ನಾಗಿ ಬಂತು, ಅದನ್ನು ವರದಿಗಳಲ್ಲಿ ಮುಚ್ಚಿಟ್ಟಿಲ್ಲ.

ಮೂರನೇ ಆದಿತ್ಯವಾರ ಒಂದು ವರದಿ ಓದುತ್ತಿದ್ದೆವು. ಉಡುಪಿಯ ಮಿಷನ್ ಠಾಣೆಯದ್ದು, 1870ರ ದಶಕದ ಶುರುವಿನದು. ಮಧ್ಯದಲ್ಲಿ ಆರು ಸಾಲು. ಕಟಪಾಡಿ ಹತ್ತಿರದ ಒಬ್ಬ ಯುವಕ, ಕಳ್ಳು ಇಳಿಸುವವನು, ಮಿಷನ್ ಮನೆಗೆ ಬಂದು ಉಳಿದ. ತಾಯಿ ಬಂದು ಜಗಲಿಯಲ್ಲಿ ಕೂತು ಅತ್ತಳು. ಮಗ ಏಳಲಿಲ್ಲ. ತಾಯಿ ಎದ್ದು ಹೋದಳು. ಅಜ್ಜಿ ಅಲ್ಲಿ ತಡೆದರು. ಮುಂದಿನ ಶಬ್ದದ ಮೇಲೆ ಶಾಯಿ ಹರಡಿತ್ತು. ಭೂತಗನ್ನಡಿ ಹತ್ತಿರ ತಂದು, ದೂರ ಒಯ್ದು, ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ "ಶ್ವೆಸ್ಟರ್" ಅಂದರು. ಅಕ್ಕನೋ ತಂಗಿಯೋ, ಜರ್ಮನ್‌ನಲ್ಲಿ ಎರಡಕ್ಕೂ ಒಂದೇ ಶಬ್ದ. ಅವಳು ಮಾತ್ರ ಹೋಗಲಿಲ್ಲವಂತೆ. ಕತ್ತಲಾಗುವವರೆಗೆ ಗೇಟಿನ ಹೊರಗೆ ನಿಂತಿದ್ದಳಂತೆ. ಅಷ್ಟೇ. ಮುಂದಿನ ಸಾಲು ಬಾವಿ ರಿಪೇರಿಯ ಖರ್ಚು.

ಇವನೇ ನಮ್ಮವನು ಅಂತ ನಾನು ಹೇಳುವುದಿಲ್ಲ. ಅಂಥ ಯುವಕರು ಆ ಎರಡು ಮೂರು ವರ್ಷದಲ್ಲಿ ಎಷ್ಟೋ ಜನ ಇದ್ದಾರು. ಒಂದು ಖಾಕಿ ಕಥೆ ಸಾಕು, ಇನ್ನೊಂದನ್ನು ನಾನೇ ಹುಟ್ಟಿಸುವುದು ಬೇಡ.

ಆದರೆ 'ಕಟಪಾಡಿ' ಅಂದ ಕೂಡಲೇ ನನಗೆ ದೊಡ್ಡ ಮಾಮಿ ನೆನಪಾದರು. ನಾನು ಸಣ್ಣವಳಿದ್ದಾಗ ಹಲಸಿನ ಬೀಜ ಸುಲಿಯುತ್ತಾ ಒಮ್ಮೆ ಹೇಳಿದ್ದರು. ಅವರು ಏಳೆಂಟು ವರ್ಷದ ಹುಡುಗಿ ಆಗಿದ್ದಾಗ ಮಳೆಗಾಲದ ಆಟಿ ತಿಂಗಳಲ್ಲಿ ಒಬ್ಬರು ಮುದುಕಿ ಮನೆಗೆ ಬರುತ್ತಿದ್ದರಂತೆ. ಸೆರಗಿನಲ್ಲಿ ಸಾಂತಾಣಿ, ಅಂದರೆ ಬೇಯಿಸಿ ಒಣಗಿಸಿದ ಹಲಸಿನ ಬೀಜ, ಕಟ್ಟಿಕೊಂಡು. ಒಳಗೆ ಬರುವುದಿಲ್ಲ, ನೀರೂ ಕುಡಿಯುವುದಿಲ್ಲ, ಜಗಲಿಯ ತುದಿಯಲ್ಲಿ ಕೂತು ನಿಮ್ಮ ಅಜ್ಜನ ಜೊತೆ ತುಳುವಿನಲ್ಲಿ ಮಾತಾಡಿ ಎದ್ದು ಹೋಗುವುದು. ಎಲ್ಲರೂ 'ಕಟಪಾಡಿಯ ಅಜ್ಜಿ' ಅನ್ನುತ್ತಿದ್ದರು. ಯಾರು, ಏನು ಅಂತ ಯಾರೂ ಹೇಳಲಿಲ್ಲ, ಇವರು ಕೇಳಲೂ ಇಲ್ಲ. ನಾನೂ ಕೇಳಲಿಲ್ಲ. ಆವತ್ತು ನನಗೆ ಬೀಜದ ಮೇಲೇ ಕಣ್ಣು.

ಲೆಕ್ಕ ಹಾಕಿ ನೋಡಿ. ಮಾಮಿ ಹುಟ್ಟಿದ್ದು 1940. ಅಂದರೆ ಇದು 1947, 48ರ ಮಾತು. ಆಗ ಆಕೆಗೆ 70 ಅಂದರೆ ನಿಮ್ಮ ಅಜ್ಜನಿಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಮುತ್ತಜ್ಜನ ಅಕ್ಕನದೋ ತಂಗಿಯದೋ ಮಗಳು ಆಗಿದ್ದರೆ ಸರಿಯಾಗಿ ಕೂರುತ್ತದೆ.

ಇನ್ನೊಂದು ಸಂಗತಿ ಉಂಟು, ಅದು ನನಗೆ ಮೊನ್ನೆ ಟ್ರಾಮ್‌ನಲ್ಲಿ ಹೊಳೆಯಿತು. ನಮ್ಮ ಹೆಸರಿನ ಬಾಲದಲ್ಲಿರುವ ಬರಿ, ಅಂದರೆ ಕುಲದ ಹೆಸರು, ಮುತ್ತಜ್ಜನಿಗೆ ಬಂದದ್ದು ಅವರ ತಾಯಿಯಿಂದ. ಕ್ರೈಸ್ತರಾದ ಮೇಲೆ ಅದು ಅಪ್ಪನಿಂದ ಮಗನಿಗೆ ಇಳಿಯಿತು, ಹಾಗೆ ನಿಮಗೆ, ನನಗೆ ಬಂತು. ಅಲ್ಲಿ ಉಳಿದ ಸೋದರಿಯ ಕಡೆ ಅದೇ ಬರಿ ತಾಯಿಯಿಂದ ಮಗಳಿಗೆ ಇಳಿದಿರುತ್ತದೆ. ಅಂದರೆ ಕಟಪಾಡಿಯ ಸುತ್ತ ನಾವು ಹುಡುಕಬೇಕಾದದ್ದು ನಮ್ಮ ಬರಿಯ ಗಂಡಸರ ಮಕ್ಕಳನ್ನಲ್ಲ, ಹೆಂಗಸರ ಮಕ್ಕಳನ್ನು. ನೀವು ಇಷ್ಟು ವರ್ಷ ವಂಶವೃಕ್ಷ ಅಂತ ಬರೆದ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ನಾನು ಇಣುಕಿ ನೋಡಿದ್ದೇನೆ. ನಮ್ಮ ಅಜ್ಜಿಯ ಹೆಸರೂ ಇಲ್ಲ!

ಇಲ್ಲಿ ಹಳೇ ಫೋಟೋಗಳೂ ತುಂಬ ಉಂಟು, ಕಂಪ್ಯೂಟರ್‌ನಲ್ಲೇ ನೋಡಬಹುದು. ಜೆಪ್ಪು ಹಂಚಿನ ಕಾರ್ಖಾನೆಯ ಒಂದು ಚಿತ್ರದಲ್ಲಿ ಸಾಲಾಗಿ ನಿಂತ ಆಳುಗಳಿದ್ದಾರೆ. ಹೆಗಲಲ್ಲಿ ಬೈರಾಸು, ಮೊಣಕಾಲಿನವರೆಗೆ ಮಣ್ಣು. ಕೆಳಗೆ 'ಕೆಲಸಗಾರರು' ಅಂತ ಮಾತ್ರ. ಎಡದಿಂದ ನಾಲ್ಕನೆಯವರ ಕಿವಿ ನೋಡಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಿಮ್ಮದೇ ಕಿವಿ. ಆಮೇಲೆ ನೋಡಿದರೆ ಏಳನೆಯವರದ್ದೂ ಹಾಗೇ ಉಂಟು. ಪ್ರಿಂಟ್ ತೆಗೆದು ಇದರ ಜೊತೆ ಇಟ್ಟಿದ್ದೇನೆ. ಸುಮ್ನೆ ನೋಡಿ, ಯಾರಿಗೂ ಹೇಳಬೇಡಿ.

ನಿಮ್ಮ ಇನ್ನೊಂದು ಕಥೆ ಮಾತ್ರ ಸರಿ. 'ಜರ್ಮನ್ ದೊರೆಗಳು ಒಂದೇ ರಾತ್ರಿಯಲ್ಲಿ ಮಾಯ ಆದರು' ಅಂತ ಅಜ್ಜ ಹೇಳುತ್ತಿದ್ದರಲ್ಲ. ಒಂದೇ ರಾತ್ರಿ ಅಲ್ಲ, ಆದರೆ 1914ರಲ್ಲಿ ಯುದ್ಧ ಶುರುವಾದ ಮೇಲೆ ಜರ್ಮನ್ ಮಿಷನರಿಗಳನ್ನು ಹಿಡಿದು ಅಹಮದ್‌ನಗರದ ಕ್ಯಾಂಪಿಗೆ ಹಾಕಿದ್ದು ನಿಜ. ಕಾರ್ಖಾನೆಗಳು ಸರಕಾರದ ವಶಕ್ಕೆ ಹೋಗಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಸೇರಿದವು. ಯುದ್ಧ ಶುರುವಾದಾಗ ನಿಮ್ಮ ಅಜ್ಜನಿಗೆ 33. ಮೇಲೆ ದೊರೆ ಬದಲಾದರೂ ಮಣ್ಣು ತುಳಿಯುವವರು ಅವರೇ ಇದ್ದಿರಬೇಕು.

ಹಂಚು ಅಂದಾಗ ನೆನಪಾಯಿತು. ಹಿಂದಿನ ಹಟ್ಟಿಯ ಮಾಡಿನ ಹಂಚಿನ ಮೇಲೆ 1865 ಅಂತ ಉಂಟು, ಹಾಗಾಗಿ ಮನೆ 1865ರದ್ದು ಅಂತ ಬಂದವರಿಗೆಲ್ಲ ಹೇಳುತ್ತೀರಲ್ಲ. ಅದು ಜೆಪ್ಪು ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ವರ್ಷಗಳ ನಂತರದ ಹಂಚಿಗೂ ಅದೇ ಮುದ್ರೆ ಒತ್ತಿದ್ದಾರೆ. ಅಡುಗೆಮನೆಯ ಕಡೆಯ ಹಂಚಿನಲ್ಲಿ ಕಾಮನ್‌ವೆಲ್ತ್ ಅಂತ ಇದ್ದರೆ ಆ ಭಾಗ ಯುದ್ಧದ ನಂತರದ್ದು. ನೋಡಿ ಬರೆಯಿರಿ. ಮನೆಯ ವಯಸ್ಸು ಒಂದು 60 ವರ್ಷ ಕಡಿಮೆ ಆದರೂ ಆಗಬಹುದು, ಬೇಜಾರು ಬೇಡ.

ಇನ್ನು ಕೆಲಸ ನಿಮ್ಮದು. ನಾನು ಇಷ್ಟು ದೂರ ಬಂದು ಹುಡುಕುತ್ತಿರುವುದರ ಮುಖ್ಯ ಭಾಗ ಅಲ್ಲೇ ಇದೆ. ಸಭೆಯ ಹಳೇ ರಿಜಿಸ್ಟರ್‌ಗಳು ಇಲ್ಲಿಗೆ ಬಂದಿಲ್ಲ, ಉಡುಪಿಯ ಚರ್ಚಿನಲ್ಲಿ ವಿಚಾರಿಸಬೇಕು. ಮುತ್ತಜ್ಜನ ದೀಕ್ಷಾಸ್ನಾನ ಬರೆದಿದ್ದರೆ ಹಳೇ ಹೆಸರು, ಊರು ಸಿಗಬಹುದು. ಸಭಾಪಾಲಕರಿಗೆ ಮೊದಲೇ ಫೋನ್ ಮಾಡಿ ಹೋಗಿ, ಒಂದು ಗುರುವಾರ ಬಸ್ ಹತ್ತಿದರೆ ಆಯಿತು. ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲೂ ಹಳೇ ಕಾಗದ ಇಟ್ಟಿದ್ದಾರೆ, ಅದು ನಮ್ಮ ಮನೆಯಿಂದ ಹತ್ತು ನಿಮಿಷ.

ಅದಕ್ಕಿಂತ ಮೊದಲು ಮಾಮಿ. ಅವರಿಗೆ 85 ಆಯಿತು, ಮೊನ್ನೆ ಫೋನಿನಲ್ಲಿ ನನ್ನನ್ನು ಎರಡು ಸಲ ಅಮ್ಮನ ಹೆಸರಿನಿಂದ ಕರೆದರು. ನೀವು ಹೋಗಿ ಪೊಲೀಸರ ಹಾಗೆ 'ಆಕೆಯ ಹೆಸರೇನು, ಮನೆ ಎಲ್ಲಿ' ಅಂತ ಶುರು ಮಾಡಬೇಡಿ. ಹಾಗೆ ಕೇಳಿದರೆ 'ನನಗೇನು ಗೊತ್ತು' ಅನ್ನುತ್ತಾರೆ. ಸ್ವಲ್ಪ ಸಾಂತಾಣಿ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ಸಿಗದಿದ್ದರೆ ಅಮ್ಮನ ಹತ್ತಿರ ಆಟಿಯದ್ದು ಡಬ್ಬಿಯಲ್ಲಿ ಉಳಿದಿರಬೇಕು. ಮುಂದೆ ಇಟ್ಟು ಸುಮ್ನೆ ಕೂತುಕೊಳ್ಳಿ. ಫೋನಿನ ರೆಕಾರ್ಡಿಂಗ್ ಒತ್ತಲು ಮರೆಯಬೇಡಿ, ಕೆಂಪು ಚುಕ್ಕಿ ಬಂದರೆ ಆನ್ ಆಗಿದೆ ಅಂತ ಅರ್ಥ.

ಡಿಸೆಂಬರ್ 20ಕ್ಕೆ ಟಿಕೆಟ್ ಆಗಿದೆ. ಹಂಚು ನೋಡಲು ನೀವು ಏಣಿ ಹತ್ತಬೇಡಿ. ನಾನು ಬಂದು ಹತ್ತುತ್ತೇನೆ.

ನಿಮ್ಮ ಪ್ರೀತಿಯ
ಮಗಳು

ಅಮ್ಮನಿಗೆ: ಕೆಳಗಿನ ಮನೆಯ ಅಜ್ಜಿಗೆ ಖಾರದ ಚಕ್ಕುಲಿಯೇ ಇಷ್ಟ ಅಂತೆ. ಕಳೆದ ಸಲದ್ದು ಸಪ್ಪೆ ಆಯಿತು ಅಂದರು.