ಮಗಳಿಗೊಂದು ಪತ್ರ: ತಟ್ಟೆಯಲ್ಲಿ ಖಾಲಿಯಾದ ಜಾಗ

ಚಿರಂಜೀವಿ ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಮಾಂಸ, ಮೀನು ಬಿಟ್ಟು ಆರು ವಾರವಾಯಿತೆಂದು ನೀನು ಬರೆದದ್ದನ್ನು ಓದಿ ನನಗೆ ಸಂತೋಷವೇ ಆಯಿತು. ಆದರೆ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೇ ಹೊಟ್ಟೆ ಚುರುಗುಟ್ಟುತ್ತದೆ, ಆಗ ಕೈಗೆ ಸಿಕ್ಕ ಬಿಸ್ಕತ್ತು ತಿನ್ನುತ್ತೇನೆ ಎಂದು ಕೊನೆಯಲ್ಲಿ ಹಗುರವಾಗಿ ಸೇರಿಸಿದ ಸಾಲೊಂದು ನನ್ನ ಮನಸ್ಸಿನಲ್ಲೇ ಉಳಿದುಬಿಟ್ಟಿತು. ತಟ್ಟೆಯಿಂದ ಮಾಂಸವನ್ನು ತೆಗೆದೆ, ಸರಿ. ಆ ಜಾಗಕ್ಕೆ ಏನನ್ನು ಬಡಿಸಿಕೊಂಡೆ? ನೀನು ಬರೆದದ್ದನ್ನು ನೋಡಿದರೆ ಇನ್ನೊಂದು ಹಿಡಿ ಅನ್ನ, ಇನ್ನಷ್ಟು ಸೊಪ್ಪು, ಅಷ್ಟೇ. ನಿನ್ನ ವಯಸ್ಸಿನಲ್ಲಿ ನಾನೂ ಇದನ್ನೇ ಮಾಡಿದ್ದೆ, ಅದರ ಫಲವನ್ನೂ ಉಂಡಿದ್ದೇನೆ. ಆ ಜಾಗಕ್ಕೆ ಸೋಯಾದ ಪ್ರೋಟೀನ್ ಅನ್ನು ಹೇಗೆ ತಂದುಕೊಳ್ಳಬೇಕೆಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ, ಪತ್ರ ಉದ್ದವಾಯಿತೆಂದು ಬೇಸರಿಸದೆ ಪೂರ್ತಿ ಓದು.

ಮೊದಲು ಲೆಕ್ಕ ಹೇಳುತ್ತೇನೆ. ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿನ್ನ 55 ಕಿಲೋ ತೂಕಕ್ಕೆ ಅದು ಸುಮಾರು 46 ಗ್ರಾಂ ಆಗುತ್ತದೆ. ನೂರು ಗ್ರಾಂ ಅನ್ನದಲ್ಲಿ ಇರುವುದು ಮೂರು ಗ್ರಾಂಗಿಂತ ಕಡಿಮೆ, ಸೊಪ್ಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದೇ ತೂಕದ ಬೇಯಿಸಿದ ಸೋಯಾ ಕಾಳಿನಲ್ಲಿ 17 ಗ್ರಾಂನಷ್ಟು ಸಿಗುತ್ತದೆ. ಸೋಯಾ ಹಾಲನ್ನು ಪನೀರಿನಂತೆ ಹೆಪ್ಪುಗಟ್ಟಿಸಿ ಮಾಡುವ ತೋಫುವಿನಲ್ಲಿ ಅದು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಅವಲಂಬಿಸಿ 8ರಿಂದ 17 ಗ್ರಾಂವರೆಗೆ ಇರುತ್ತದೆ. ಒಂದು ಲೋಟ ಸೋಯಾ ಹಾಲಿನಲ್ಲಿ ಆರೇಳು ಗ್ರಾಂ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡುವ ಚಂಕ್ಸ್‌ನಲ್ಲಿ ನೂರು ಗ್ರಾಂಗೆ 50 ಗ್ರಾಂ ಪ್ರೋಟೀನ್ ಎಂದು ಪೊಟ್ಟಣದ ಮೇಲೆ ಬರೆದಿರುವುದು ಸುಳ್ಳಲ್ಲ, ಆದರೆ ಅದು ಒಣ ಚಂಕ್ಸ್‌ನ ಲೆಕ್ಕ. ಬಿಸಿ ನೀರಿನಲ್ಲಿ ನೆನೆದು ಉಬ್ಬಿದ ಬಟ್ಟಲು ತುಂಬ ಚಂಕ್ಸ್ ನೋಡಿ ಐವತ್ತು ಗ್ರಾಂ ಸಿಕ್ಕಿತೆಂದು ಹಿಗ್ಗಬೇಡ. ನೆನೆಸುವ ಮೊದಲು ತೂಗಿದರೆ ಅದು ಮೂವತ್ತು ಗ್ರಾಂ ಇದ್ದೀತು, ಅಂದರೆ ಸಿಗುವುದು ಹದಿನೈದು. ಸೋಯಾ ಸಾಸ್ ಅಂತೂ ಈ ಲೆಕ್ಕಕ್ಕೇ ಬರುವುದಿಲ್ಲ, ಅದು ಉಪ್ಪಿನ ಬಾಬ್ತು.

ಬೇಳೆಕಾಳುಗಳು ಇಷ್ಟಿರುವಾಗ ಸೋಯಾಕ್ಕೇ ಏಕೆ ಇಷ್ಟು ಮಹತ್ವ ಎಂದು ನೀನು ಕೇಳಬಹುದು. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ದೇಹ ತಾನಾಗಿ ತಯಾರಿಸಿಕೊಳ್ಳಲಾರದ ಒಂಬತ್ತೂ ಸೋಯಾದಲ್ಲಿ ಬೇಕಾದ ಪ್ರಮಾಣಕ್ಕೆ ಹತ್ತಿರವಾಗಿಯೇ ಇವೆ. ಮೆಥಿಯೊನಿನ್ ಮಾತ್ರ ತುಸು ಕಡಿಮೆ, ಅದನ್ನು ಅಕ್ಕಿ, ಗೋಧಿಗಳು ತುಂಬಿಕೊಡುತ್ತವೆ, ಅವುಗಳಲ್ಲಿ ಕೊರತೆಯಿರುವ ಲೈಸಿನ್ ಅನ್ನು ಸೋಯಾ ಕೊಡುತ್ತದೆ. ಎರಡನ್ನೂ ಒಂದೇ ಹೊತ್ತಿನ ಊಟದಲ್ಲಿ ಕಲೆಸಲೇಬೇಕೆಂಬ ಹಟ ಬೇಡ, ದಿನದಲ್ಲಿ ಎರಡೂ ಹೊಟ್ಟೆಗೆ ಸೇರಿದರೆ ಸಾಕು. ಹಾಗೆಂದು ಮೂರು ಹೊತ್ತೂ ಸೋಯಾ ತಿನ್ನಬೇಕಿಲ್ಲ. ದಿನಕ್ಕೆ ಎರಡು ಸಲ ಅದು, ಉಳಿದಂತೆ ಬೇರೆ ಕಾಳುಗಳು, ಕಡಲೆಬೀಜ, ಎಳ್ಳು ಎಂದಿಟ್ಟುಕೊಂಡರೆ ನಾಲಿಗೆಗೂ ಬೇಸರವಾಗದು.

ಸೋಯಾ ಹಾಲನ್ನು ಮನೆಯಲ್ಲೇ ಮಾಡುತ್ತೇನೆಂದು ಬರೆದಿದ್ದೀಯಲ್ಲ, ಅಲ್ಲಿ ಜಾಗ್ರತೆ. ರಾತ್ರಿ ನೆನೆಸಿದ ನೀರನ್ನು ಚೆಲ್ಲಿಬಿಡು, ಹೊಟ್ಟೆಯುಬ್ಬರ ತರುವ ಸಕ್ಕರೆಗಳು ಅದರೊಂದಿಗೆ ಒಂದಷ್ಟು ಹೋಗುತ್ತವೆ. ತಣ್ಣೀರು ಹಾಕಿ ರುಬ್ಬಿದರೆ ಕಾಳಿನೊಳಗಿನ ಲಿಪಾಕ್ಸಿಜಿನೇಸ್ ಎಂಬ ಕಿಣ್ವವು ಅದರದೇ ಎಣ್ಣೆಯ ಮೇಲೆ ಕೆಲಸ ಮಾಡಿ, ಎಷ್ಟೋ ಜನರು ಮೊದಲ ಗುಟುಕಿಗೇ ಸೋಯಾ ಹಾಲನ್ನು ದೂರವಿಡುವಂತೆ ಮಾಡಿರುವ ಆ ಹಸಿ ವಾಸನೆಯನ್ನು ಹುಟ್ಟಿಸುತ್ತದೆ. ಕುದಿಯುವ ನೀರನ್ನೇ ಹಾಕಿ ರುಬ್ಬಿದರೆ ಕಿಣ್ವ ಕೆಲಸಕ್ಕೆ ತೊಡಗುವ ಮೊದಲೇ ನಾಶವಾಗುತ್ತದೆ. ಇನ್ನು ಒಲೆಯ ಮುಂದಿನ ಮಾತು. ಪಾತ್ರೆ ಬಿಸಿಯಾಗುತ್ತ ಸುಮಾರು 80 ಡಿಗ್ರಿ ಮುಟ್ಟುವಷ್ಟರಲ್ಲಿ ನೊರೆ ಬುಸ್ಸೆಂದು ಅಂಚಿನವರೆಗೆ ಏರುತ್ತದೆ, ನೋಡಿದವರು ಉಕ್ಕಿತೆಂದೇ ತಿಳಿಯುತ್ತಾರೆ. ಅದು ಕುದಿಯಲ್ಲ, ಕಾಳಿನಲ್ಲಿರುವ ಸಪೋನಿನ್ ಎಂಬ ವಸ್ತು ಎಬ್ಬಿಸುವ ನೊರೆ. ಮೊದಲ ಸಲ ನಾನು ಅಲ್ಲಿಗೇ ಒಲೆಯಾರಿಸಿ ಎರಡು ಲೋಟ ಕುಡಿದು, ಆ ಇಡೀ ಸಂಜೆ ಹೊಟ್ಟೆ ತೊಳಸಿ ಮಲಗಿದ್ದೆ. ನಮ್ಮ ಜೀರ್ಣಕ್ಕೆ ಬೇಕಾದ ಟ್ರಿಪ್ಸಿನ್ ಎಂಬ ಕಿಣ್ವವನ್ನು ಕಟ್ಟಿಹಾಕುವ ಅಂಶವೊಂದು ಹಸಿ ಸೋಯಾದಲ್ಲಿದೆ, ಅದು ಚೆನ್ನಾಗಿ ಬೆಂದರೆ ಮಾತ್ರ ಅಡಗುತ್ತದೆ. ನೊರೆ ಏರಿದಾಗ ಉರಿ ತಗ್ಗಿಸಿ, ಸೌಟಿನಿಂದ ಕದಡುತ್ತ, ನಿಜವಾದ ಕುದಿ ಬಂದ ಮೇಲೂ ಹತ್ತು ನಿಮಿಷ ಬಿಡು. ಇದನ್ನೇ ಹಾಲಿಗೆ ಬದಲಾಗಿ ನೆಚ್ಚಿಕೊಳ್ಳುವುದಾದರೆ ಮನೆಯಲ್ಲಿ ಮಾಡಿದ್ದರಲ್ಲಿ ಕ್ಯಾಲ್ಸಿಯಂ ಅಷ್ಟಾಗಿ ಇರುವುದಿಲ್ಲವೆಂಬುದು ನೆನಪಿರಲಿ. ಕ್ಯಾಲ್ಸಿಯಂ ಸೇರಿಸಿದ ಪೊಟ್ಟಣದ ಹಾಲಾದರೆ ಅದು ತಳದಲ್ಲಿ ಕೂತಿರುತ್ತದೆ, ಕುಲುಕಿಯೇ ಬಗ್ಗಿಸಿಕೊ. ತೋಫು ಕೊಳ್ಳುವಾಗಲೂ ಕ್ಯಾಲ್ಸಿಯಂ ಸಲ್ಫೇಟ್ ಹಾಕಿ ಹೆಪ್ಪುಗಟ್ಟಿಸಿದ್ದನ್ನೇ ಹುಡುಕು.

ಸೋಯಾ ತಿಂದರೆ ಹಾರ್ಮೋನು ಕೆಡುತ್ತದೆಯಂತೆ ಎಂದು ನಿನ್ನ ಗೆಳತಿ ಹೆದರಿಸಿದ್ದಾಳೆ. ಸೋಯಾದಲ್ಲಿರುವ ಐಸೊಫ್ಲೇವೋನ್ ಎಂಬ ಅಂಶಗಳು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ನನ್ನು ಹೋಲುತ್ತವೆ ಎಂಬುದು ನಿಜ, ಆದರೆ ಅವು ದೇಹದ ಈಸ್ಟ್ರೋಜನ್ನಿಗಿಂತ ಬಹಳ ದುರ್ಬಲ. ಆಹಾರವಾಗಿ ತಿನ್ನುವ ಸೋಯಾದಿಂದ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚುವುದಾಗಲಿ, ಗಂಡಸರ ಟೆಸ್ಟೋಸ್ಟಿರೋನ್ ಇಳಿಯುವುದಾಗಲಿ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರ ಮಾತ್ರೆಗೂ ಸೋಯಾಕ್ಕೂ ನಡುವೆ ಕೆಲವು ಗಂಟೆಗಳ ಅಂತರವಿಡಬೇಕು. ಸೋಯಾ ಅಲರ್ಜಿ ಇರುವವರಿಗೆ ಈ ಪತ್ರವೇ ಬೇಡ. ಹೆದರಿಸುವವರಂತೆಯೇ ಹೊಗಳುವವರ ಮಾತನ್ನೂ ಅಳೆದು ನೋಡು. ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ತಿಂದರೆ ಹೃದ್ರೋಗದ ಅಪಾಯ ತಗ್ಗಬಹುದೆಂದು ಪೊಟ್ಟಣಗಳ ಮೇಲೆ ಮುದ್ರಿಸಲು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ 1999ರಲ್ಲಿ ಒಪ್ಪಿಗೆ ಕೊಟ್ಟಿತ್ತು. 2017ರಲ್ಲಿ ಅದೇ ಸಂಸ್ಥೆ, ಹೊಸ ಅಧ್ಯಯನಗಳ ಫಲಿತಾಂಶ ಒಂದೇ ದಿಕ್ಕಿನಲ್ಲಿಲ್ಲವೆಂದು ಆ ಒಪ್ಪಿಗೆಯನ್ನು ಹಿಂಪಡೆಯುವ ಪ್ರಸ್ತಾಪ ಮುಂದಿಟ್ಟಿತು. ನನ್ನ ಮಟ್ಟಿಗೆ ಸೋಯಾ ಒಂದು ಒಳ್ಳೆಯ ಕಾಳು, ಔಷಧವಲ್ಲ.

ಇನ್ನು ಸೋಯಾ ಎಷ್ಟು ತಿಂದರೂ ಸಿಗದ ಒಂದು ವಸ್ತುವಿದೆ, ಬಿ12 ವಿಟಮಿನ್. ಗಿಡಗಳು ಅದನ್ನು ತಯಾರಿಸುವುದಿಲ್ಲ. ಸೋಯಾವನ್ನು ಹುದುಗಿಸಿ ಮಾಡುವ ಟೆಂಪೆ, ಮಿಸೊಗಳಲ್ಲಿ ಸಿಗುತ್ತದೆ ಎಂಬ ಮಾತನ್ನೂ ನಂಬಿ ಕೂರಬೇಡ. ನಾನು ಮಾಂಸ ಬಿಟ್ಟಾಗ ಹಾಲು, ಮೊಟ್ಟೆಗಳನ್ನೂ ಬಿಟ್ಟಿದ್ದೆ, ಮೂರು ವರ್ಷ ಏನೂ ಆಗಲಿಲ್ಲವಾದ್ದರಿಂದ ಎಚ್ಚರಿಕೆ ಹೇಳಿದವರನ್ನು ನೋಡಿ ನಗುತ್ತಿದ್ದೆ. ಯಕೃತ್ತು ಈ ವಿಟಮಿನ್ನನ್ನು ವರ್ಷಗಟ್ಟಲೆಗೆ ಆಗುವಷ್ಟು ಕೂಡಿಟ್ಟಿರುತ್ತದೆ, ನಾನು ಕೂತು ತಿನ್ನುತ್ತಿದ್ದದ್ದು ಆ ಉಳಿತಾಯವನ್ನು. ನಾಲ್ಕನೆಯ ವರ್ಷ ಅಂಗಾಲಿನಲ್ಲಿ ಜೋಮು ಹಿಡಿದಂತಾಗತೊಡಗಿತು. ಕತ್ತಲಲ್ಲಿ ನಡೆದರೆ ನೆಲ ಎಲ್ಲಿದೆ ಎಂಬುದೇ ಕಾಲಿಗೆ ತಿಳಿಯುತ್ತಿರಲಿಲ್ಲ, ಒಂದು ರಾತ್ರಿ ಚಪ್ಪಲಿ ಕಳಚಿ ಹೋದದ್ದು ಗೊತ್ತಾಗದೆ ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆದಿದ್ದೆ. ಸೊಪ್ಪು, ಕಾಳುಗಳಿಂದ ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಧಾರಾಳವಾಗಿ ಸಿಗುತ್ತಿದ್ದರೆ ರಕ್ತಹೀನತೆ ಹೊರಗೆ ಕಾಣಿಸದೆ ನರಗಳು ಮಾತ್ರ ಒಳಗೊಳಗೇ ಹಾಳಾಗಬಹುದೆಂದು ವೈದ್ಯರು ಹೇಳಿದ್ದು ಆಮೇಲೆ. ಇಂಜೆಕ್ಷನ್‌ಗಳಿಂದ ನಾನು ಚೇತರಿಸಿಕೊಂಡೆ, ತಡವಾದರೆ ಎಲ್ಲರಿಗೂ ಹಾಗಾಗುವುದಿಲ್ಲ. ವಯಸ್ಕರಿಗೆ ಬೇಕಾದದ್ದು ದಿನಕ್ಕೆ ಎರಡರಿಂದ ನಾಲ್ಕು ಮೈಕ್ರೋಗ್ರಾಂ ಮಾತ್ರ, ಆದರೆ ಬೇಕೇ ಬೇಕು. ಹಾಲು, ಮೊಟ್ಟೆ ಇಟ್ಟುಕೊಂಡಿದ್ದರೆ ಒಂದಷ್ಟು ಸಿಗುತ್ತದೆ. ಅವನ್ನೂ ಬಿಡುವುದಾದರೆ ಅದೇ ದಿನದಿಂದ ಮಾತ್ರೆ ಶುರುವಾಗಬೇಕು.

ಕಬ್ಬಿಣದ ವಿಷಯ ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರದ್ದು. ಸೋಯಾದಲ್ಲಿ ಕಬ್ಬಿಣ ಚೆನ್ನಾಗಿಯೇ ಇದೆ, ಆದರೆ ಅಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟಕ್ಕೆ ನಿಂಬೆರಸ ಹಿಂಡಿಕೊ, ಊಟವಾದ ಕೂಡಲೇ ಕಾಫಿ, ಟೀ ಕುಡಿಯುವ ನಿನ್ನ ಅಭ್ಯಾಸವನ್ನು ಒಂದು ಗಂಟೆ ಮುಂದೂಡು. ಅಯೋಡಿನ್ ಸೇರಿಸಿದ ಉಪ್ಪನ್ನೇ ಬಳಸು.

ತೋಫು ಸಪ್ಪೆ, ರಬ್ಬರಿನಂತೆ ಎಂದು ದೂರಿದ್ದೆ. ಅದನ್ನು ಇಡೀ ರಾತ್ರಿ ಫ್ರೀಜರ್‌ನಲ್ಲಿಟ್ಟು, ಕರಗಿಸಿ, ಎರಡು ಅಂಗೈಗಳ ನಡುವೆ ಮೆಲ್ಲಗೆ ಹಿಂಡು. ಒಳಗಿನ ನೀರು ಮಂಜುಗಟ್ಟಿ ಕೊರೆದ ಸಣ್ಣ ಸಣ್ಣ ತೂತುಗಳಿಂದ ಅದು ಸ್ಪಂಜಿನಂತಾಗಿ, ಹಾಕಿದ ಉಪ್ಪು, ಹುಳಿ, ಖಾರವನ್ನೆಲ್ಲ ಹೀರಿಕೊಳ್ಳುತ್ತದೆ. ಈ ವಾರದೊಳಗೆ ಹಿಮೋಗ್ಲೋಬಿನ್, ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್, ಬಿ12 ಮೂರನ್ನೂ ಪರೀಕ್ಷೆ ಮಾಡಿಸಿ ವರದಿಯನ್ನು ನನಗೆ ಕಳುಹಿಸು.

ಇಂತಿ,
ನಿನ್ನ ಅಪ್ಪ